ನಿಂತ ಕಾರಿಗೂ ಸಂಬಳ

ಅಮೆರಿಕದಲ್ಲಿ ಖಾಸಗಿ ಕಾರೊಂದು ದಿನಕ್ಕೆ ಓಡುವುದು ಸುಮಾರು ಒಂದು ಗಂಟೆ. ಉಳಿದ ಹೊತ್ತೆಲ್ಲ ಮನೆ ಮುಂದೆಯೋ ಕಚೇರಿ ಮುಂದೆಯೋ ನಿಂತಿರುತ್ತದೆ. ಎಲ್ಲರಿಗೂ ಗೊತ್ತಿದ್ದ ಈ ಸಂಗತಿಯಲ್ಲಿ ಒಂದು ವಿದ್ಯುತ್ ಸ್ಥಾವರವನ್ನೇ ಕಂಡವರು ಡೆಲವೇರ್ ವಿಶ್ವವಿದ್ಯಾಲಯದ ವಿಲೆಟ್ ಕೆಂಪ್ಟನ್. ಅವರು ಓದಿದ್ದು ಮಾನವಶಾಸ್ತ್ರ. ಮನೆಯ ಥರ್ಮೋಸ್ಟಾಟ್ ಹೇಗೆ ಕೆಲಸ ಮಾಡುತ್ತದೆಂದು ಜನ ತಮ್ಮ ತಮ್ಮಲ್ಲೇ ಕಟ್ಟಿಕೊಂಡ ಕಲ್ಪನೆಗಳ ಬಗ್ಗೆ 1986ರಲ್ಲಿ ಪ್ರಬಂಧ ಬರೆದಿದ್ದವರು. ಜನರ ಅಭ್ಯಾಸ ನೋಡುವ ಕಣ್ಣಿದ್ದವರಿಗೇ ಇದು ಹೊಳೆದದ್ದು ಆಶ್ಚರ್ಯವಲ್ಲ ಎನಿಸುತ್ತದೆ.

1997ರಲ್ಲಿ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡ್ರ್ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಿಂದ ಗ್ರಿಡ್‌ಗೆ ಕರೆಂಟು ವಾಪಸ್ ಕೊಟ್ಟರೆ ಹೇಗೆ? ಆಗ ಅವರ ತಲೆಯಲ್ಲಿದ್ದದ್ದು ಬೇಡಿಕೆ ಏರಿದ ಹೊತ್ತಿನ ವಿದ್ಯುತ್ ಪೂರೈಕೆ. ಲೆಕ್ಕ ಬೆಳೆದಂತೆ ದುಡ್ಡು ಬೇರೆಡೆ ಇದೆ ಎಂದು ತಿಳಿಯಿತು. ಗ್ರಿಡ್‌ನಲ್ಲಿ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸರಿತೂಗಬೇಕು. ಇಲ್ಲದಿದ್ದರೆ ಫ್ರೀಕ್ವೆನ್ಸಿ ಅಮೆರಿಕದ 60 ಹರ್ಟ್ಸ್‌ನಿಂದ ಅತ್ತಿತ್ತ ಜಾರುತ್ತದೆ. ಅದನ್ನು ಸರಿಪಡಿಸಲು ಸಿದ್ಧವಾಗಿ ಕಾದು ನಿಂತವರಿಗೆ ಕಾದದ್ದಕ್ಕೇ ಹಣ ಸಿಗುತ್ತದೆ. ಕಾದು ನಿಲ್ಲುವುದರಲ್ಲಿ ಕಾರನ್ನು ಮೀರಿಸುವವರು ಯಾರು! ಬ್ಯಾಟರಿಗೆ ಕರೆಂಟು ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಒಟ್ಟಾರೆ ಹೆಚ್ಚೇನೂ ಖಾಲಿಯಾಗುವುದಿಲ್ಲ.

ಕಾಗದದ ಲೆಕ್ಕವನ್ನು ಕಾರಿಗಿಳಿಸಿದ್ದು ಕ್ಯಾಲಿಫೋರ್ನಿಯಾದ ಎಸಿ ಪ್ರೊಪಲ್ಷನ್ ಎಂಬ ಪುಟ್ಟ ಕಂಪನಿ. ಬ್ರೇಕ್ ಹಾಕಿದಾಗ ಮೋಟಾರು ಡೈನಮೋ ಆಗಿ ಬ್ಯಾಟರಿ ತುಂಬಬೇಕಾದ್ದರಿಂದ, ಎಲೆಕ್ಟ್ರಿಕ್ ಕಾರಿನ ಇನ್ವರ್ಟರ್‌ಗೆ ಕರೆಂಟನ್ನು ಎರಡೂ ಕಡೆ ಹರಿಸುವುದು ಗೊತ್ತೇ ಇರುತ್ತದೆ. ಆ ಕಂಪನಿಯ ಅಲನ್ ಕೊಕೋನಿ ಅದೇ ಇನ್ವರ್ಟರ್‌ನಿಂದ ಚಾರ್ಜಿಂಗ್ ಕೆಲಸವನ್ನೂ ಮಾಡಿಸಿದ್ದರು. ಹಾಗಾಗಿ ಗ್ರಿಡ್‌ಗೆ ತಿರುಗಿ ಕೊಡಲು ದೊಡ್ಡ ಯಂತ್ರವೊಂದನ್ನು ಹೊಸದಾಗಿ ಹೊರಬೇಕಾಗಲಿಲ್ಲ. 2002ರಲ್ಲಿ ಅದೇ ಕಂಪನಿಯ ಅಲೆಕ್ ಬ್ರೂಕ್ಸ್ ವಿದ್ಯುತ್ತಿಗೆ ಬದಲಾಯಿಸಿದ ಫೋಕ್ಸ್‌ವ್ಯಾಗನ್ ಬೀಟಲ್ ಒಂದಕ್ಕೆ ವೈರ್‌ಲೆಸ್ ಸಂಪರ್ಕ ಕೊಟ್ಟು, ಪ್ರತಿ 4 ಸೆಕೆಂಡಿಗೊಮ್ಮೆ ‘ತಗೋ’, ‘ಕೊಡು’ ಎಂದು ಆಜ್ಞೆ ಕಳಿಸಿ ನೋಡಿದರು. ಕಾರು ಹೇಳಿದಂತೆ ಕೇಳಿತು.

ಆಮೇಲಿನ ದಾರಿ ನಿಧಾನದ್ದು. 2007ರಲ್ಲಿ ಪಿಜೆಎಂ ಎಂಬ ಗ್ರಿಡ್ ನಿರ್ವಾಹಕರ ಸಂಕೇತಕ್ಕೆ ಡೆಲವೇರ್‌ನ ಕಾರೊಂದು ಸ್ಪಂದಿಸಿತು. 2009ರಲ್ಲಿ ಆ ರಾಜ್ಯ ಗ್ರಿಡ್‌ಗೆ ಕರೆಂಟು ಕೊಡುವ ಕಾರುಗಳಿಗಾಗಿ ಒಂದು ಕಾನೂನನ್ನೇ ಮಾಡಿತು. ಒಂದೇ ಕಾರನ್ನು ಗ್ರಿಡ್ ಮಾರುಕಟ್ಟೆ ಲೆಕ್ಕಕ್ಕೇ ಇಡುವುದಿಲ್ಲ, ಹತ್ತಾರನ್ನು ಒಟ್ಟುಗೂಡಿಸಬೇಕು. 2013ರಲ್ಲಿ ಮಿನಿ ಇ ಎಂಬ ಎಲೆಕ್ಟ್ರಿಕ್ ಕಾರುಗಳ ಗುಂಪೊಂದು ಪಿಜೆಎಂನಿಂದ ನಿಜವಾದ ಹಣ ಗಳಿಸಿತು. ಅವುಗಳೊಳಗಿದ್ದದ್ದೂ ಎಸಿ ಪ್ರೊಪಲ್ಷನ್‌ನದೇ ಯಂತ್ರ.

ಹಂಚಿಕೊಂಡ ಕಾರುಗಳಿಗೆ ಇದೇ ಲೆಕ್ಕವನ್ನು ಒಯ್ದದ್ದು ನೆದರ್‌ಲೆಂಡ್ಸ್‌ನ ಉಟ್ರೆಕ್ಟ್. ಲೊಂಬೊಕ್ ಬಡಾವಣೆಯಲ್ಲಿ ರಾಬಿನ್ ಬರ್ಗ್ ಎಂಬವರು ಶಾಲೆಗಳ ಚಾವಣಿಯ ಸೌರ ಫಲಕಗಳನ್ನು ಬೀದಿಯ ಬಾಡಿಗೆ ಕಾರುಗಳಿಗೆ ಬೆಸೆದರು. 2019ರ ಮಾರ್ಚ್‌ನಲ್ಲಿ ಅಲ್ಲಿ ಎರಡೂ ದಿಕ್ಕಿಗೆ ಕರೆಂಟು ಹರಿಸುವ ರೆನೋ ಝೋಯಿ ಕಾರುಗಳಿಗೆ ಚಾಲನೆ ಕೊಡಲು ದೇಶದ ದೊರೆಯೇ ಬಂದಿದ್ದ. ಸ್ವಂತ ಕಾರಿನವನು ಯಾವಾಗ ಹೊರಡುತ್ತಾನೋ ಹೇಳಲಾಗದು. ಹಂಚಿಕೊಂಡ ಕಾರಿಗಾದರೆ ಬುಕಿಂಗ್ ಪಟ್ಟಿ ಇರುತ್ತದೆ. ಎಷ್ಟು ಹೊತ್ತಿನವರೆಗೆ ನಿಂತಿರುತ್ತದೆ, ಹೊರಡುವಾಗ ಎಷ್ಟು ಚಾರ್ಜ್ ಬೇಕು ಎಂಬುದು ಮೊದಲೇ ಬಹುಮಟ್ಟಿಗೆ ಗೊತ್ತು.

ಚಾಲಕನಿಲ್ಲದ ಕಾರು ಬಂದಾಗ ಲೆಕ್ಕ ಮತ್ತೆ ಕೆಡುತ್ತದೆ. ತಾನೇ ಚಾರ್ಜರ್ ಹುಡುಕಿಕೊಂಡು ಹೋಗಬಲ್ಲದು ಎಂಬುದು ಲಾಭವೇ. ಆದರೆ ಅಂಥ ಕಾರನ್ನು ಟ್ಯಾಕ್ಸಿಯಾಗಿ ಕೊಳ್ಳುವುದೇ ಅದು ಸುಮ್ಮನೆ ನಿಲ್ಲದಿರಲಿ ಎಂದು. ಕೆಂಪ್ಟನ್ ಹೂಡಿದ ಬಂಡವಾಳವೋ, ಕಾರಿನ ಸೋಮಾರಿತನ. ಸಂಜೆ ಮನೆಗಳಲ್ಲಿ ದೀಪ, ಒಲೆ, ಹೀಟರು ಒಟ್ಟಿಗೆ ಹೊತ್ತಿಕೊಂಡು ಗ್ರಿಡ್ ಏದುಸಿರು ಬಿಡುವ ಹೊತ್ತಿಗೇ ಕಚೇರಿ ಬಿಟ್ಟವರು ಟ್ಯಾಕ್ಸಿ ಕರೆಯುತ್ತಾರೆ. ಆಗ ಪ್ರಯಾಣಿಕ ಕೊಡುವ ಬಾಡಿಗೆಯನ್ನು ಗ್ರಿಡ್ ಮೀರಿಸಬೇಕು. ಬಹಳ ದಿನ ಅದು ಮೀರಿಸೀತೆಂದು ನನಗನಿಸುವುದಿಲ್ಲ. ಇಂಥ ಕಾರು ಗ್ರಿಡ್‌ಗೆ ಒದಗುವುದು ನಡುರಾತ್ರಿ ಸವಾರಿ ಸಿಗದೆ ಡಿಪೋದಲ್ಲಿ ನಿಂತಾಗ, ಗಾಳಿಯಂತ್ರಗಳ ಹೆಚ್ಚುವರಿ ಕರೆಂಟನ್ನು ಕುಡಿಯಲು.