‘ಒಣಗ್ಲಿ, ಆಮ್ಯಾಲ ನೋಡೂಣು’

ವೀಕೆಂಡ್‌ನಲ್ಲಿ ಪಾಟರಿ ವರ್ಕ್‌ಶಾಪ್‌ಗೆ ಹೋಗಿ, ಕೈತುಂಬ ಮಣ್ಣು ಮೆತ್ತಿಕೊಂಡು ರೀಲ್ಸ್ ಹಾಕಿದವರು ನಿಮ್ಮಲ್ಲೂ ಇರಬಹುದು. ನೀವು ಮಾಡಿದ ಕಪ್ಪನ್ನು ಅವತ್ತೇ ಕೈಗೆ ಕೊಡಲ್ಲ. ‘ಮೂರು ವಾರ ಬಿಟ್ಟು ಬನ್ನಿ’ ಅಂತಾರೆ. ಆ ಮೂರು ವಾರದಲ್ಲಿ ಅದಕ್ಕೆ ಏನು ಮಾಡ್ತಾರೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ಆ ಮೂರು ವಾರವೇ ನನ್ನ ನೌಕರಿ.

ನಾನು ಒಂದು ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗದಲ್ಲಿ ಶಿಲ್ಪ ಮತ್ತು ಸೆರಾಮಿಕ್ ಸ್ಟುಡಿಯೋ ನೋಡಿಕೊಳ್ಳುತ್ತೇನೆ. ಪಾಠ ಮಾಡೋದು ಪ್ರೊಫೆಸರ್‌ಗಳು, ಕಲಾಕೃತಿ ಮಾಡೋದು ವಿದ್ಯಾರ್ಥಿಗಳು. ಮಣ್ಣಿನ ಚೀಲ ಎಷ್ಟು ಉಳಿದಿವೆ, ಕಿಲ್ನ್‌ನ ಕಾಯಿಲ್ ಸುಟ್ಟುಹೋಗಿದೆಯಾ, ಗ್ರೈಂಡರ್ ವೈರ್ ಸರಿ ಇದೆಯಾ, ಯಾರ ಕಲ್ಲನ್ನು ಯಾವಾಗ ಚೈನ್ ಪುಲ್ಲಿಯಿಂದ ಎತ್ತಬೇಕು ಅನ್ನೋದೆಲ್ಲ ನನ್ನ ತಲೆನೋವು. ಒಂದು ಘನ ಅಡಿ ಕಲ್ಲು ಸುಮಾರು 75 ಕೆ.ಜಿ. ತೂಗುತ್ತದೆ. ‘ಮೇಡಂ, ನಾವಿಬ್ರೇ ಎತ್ತಿಬಿಡ್ತೀವಿ’ ಅನ್ನೋ ಹುಡುಗರನ್ನು ತಡೆಯೋದೂ ನನ್ನ ಕೆಲಸವೇ.

ನಮ್ಮೂರು ಗದಗ ಹತ್ತಿರದ ಮಲ್ಲಸಮುದ್ರ. ಮುಳಗುಂದ ರಸ್ತೆಯಲ್ಲಿ ಜಿಮ್ಸ್ ಮೆಡಿಕಲ್ ಕಾಲೇಜು ಇದೆಯಲ್ಲ, ಅದೇ ಊರು. ರಜೆಗೆ ಹೋದಾಗ ಓಣಿಯ ಅಜ್ಜಿಯೊಬ್ಬರು ಪ್ರತಿಸಲ ಕೇಳ್ತಾರೆ: ‘ಅಷ್ಟು ದೂರ ಯಾಕ ಹೋಗಿಯವಾ, ಇಲ್ಲೇ ನಮ್ಮೂರ ಕಾಲೇಜಿನ್ಯಾಗ ಕೆಲಸ ಹಿಡೀಬಾರ್ದ?’

‘ನಂದು ಮಣ್ಣಿನ ಕೆಲಸ ಅಜ್ಜಿ.’

‘ಮಣ್ಣಿನ ಕೆಲಸಕ್ಕ ಡಿಗ್ರಿ ಬೇಕೇನ?’

ಈ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಯಾಕಂದ್ರೆ ಡಿಗ್ರಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ನನಗೆ ಗೊತ್ತಿದ್ದದ್ದು ನಮ್ಮ ಮಾಮಾನಿಂದ.

ಕೆನ್ನೆಗೆ ಗಡಿಗೆ

ಮಾಮಾ ಕುಂಬಾರ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಮನೆತುಂಬ ಕರಿಮಣ್ಣಿನ ಎತ್ತುಗಳು. ಅವನ್ನು ಸುಡೋದಿಲ್ಲ, ಪೂಜೆ ಮುಗಿದ ಮೇಲೆ ಮಣ್ಣಿಗೆ ಮಣ್ಣು ಸೇರುತ್ತವೆ. ಗಡಿಗೆ, ಹಣತೆಗಳಿಗೆ ಮಾತ್ರ ಆವಿಗೆ. ಕುಳ್ಳು, ಕಣಿಕಿ ಒಟ್ಟಿ ಬೆಂಕಿ ಹಾಕುವ ಮೊದಲು ಮಾಮಾ ಒಂದೊಂದೇ ಗಡಿಗೆ ಎತ್ತಿ ಕೆನ್ನೆಗೆ ಹಚ್ಚಿ ನೋಡುತ್ತಿದ್ದ. ಸಣ್ಣವಳಿದ್ದಾಗ ಅವನು ಗಡಿಗೆಗೆ ಮುತ್ತು ಕೊಡ್ತಾನೆ ಅಂದುಕೊಂಡಿದ್ದೆ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಅದನ್ನು ಪಕ್ಕಕ್ಕಿಡುತ್ತಿದ್ದ. ‘ಒಣಗ್ಲಿ, ಆಮ್ಯಾಲ ನೋಡೂಣು.’

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ತಿಗರಿ ಮುಟ್ಟಲು ಬಿಡುತ್ತಿರಲಿಲ್ಲ. ಹಂಗಾಗಿ ನಾನು ಕಲಿತದ್ದು ಬರೀ ನೋಡಿ. ಮುಂದೆ ಫೈನ್ ಆರ್ಟ್ಸ್ ಓದಿ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ನೋಡಲು ಹೋದಾಗ, ಮಾಮಾನ ಕೆನ್ನೆಗೆ ಗೊತ್ತಿದ್ದದ್ದೇ ಅಲ್ಲಿ ಪಾಠವಾಗಿ ಕಿವಿಗೆ ಬಿತ್ತು. ನೀರು 100 ಡಿಗ್ರಿಗೆ ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ದಪ್ಪ ಮಣ್ಣಿನೊಳಗೆ ಸಿಕ್ಕಿಬಿದ್ದ ಆವಿಗೆ ದಾರಿ ಸಿಗದಿದ್ದರೆ ಅದು ಮಣ್ಣನ್ನೇ ಒಡೆದುಕೊಂಡು ಹೊರಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನೊಮ್ಮೆ ತಪ್ಪು ಮಾಡಿದೆ.

ಆ ರಾತ್ರಿ

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಅಂತಿಮ ವರ್ಷದವರ ಪರೀಕ್ಷೆಗೆ ನಾಲ್ಕು ದಿನ ಬಾಕಿ. ಒಬ್ಬ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು, ‘ಮೇಡಂ, ಇದೊಂದು ಇಟ್ಟುಬಿಡಿ, ಇಲ್ಲಾಂದ್ರೆ ವರ್ಷ ಹೋಗುತ್ತೆ’ ಅಂದಳು. ಕೃತಿಯನ್ನು ಕೆನ್ನೆಗೆ ಹಿಡಿದೆ. ತಣ್ಣಗಿತ್ತು. ಆದರೂ ‘ಆಯ್ತು, ನಿಧಾನಕ್ಕೆ ಬಿಸಿ ಮಾಡಿದ್ರಾಯ್ತು’ ಅಂದೆ. ಅವಳ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ.

ಕಿಲ್ನ್‌ನಲ್ಲಿ ಒಟ್ಟು ಹನ್ನೆರಡು ಕೃತಿಗಳಿದ್ದವು. ರಾತ್ರಿ ಹತ್ತರ ಹೊತ್ತಿಗೆ ಒಳಗಿಂದ ‘ಢಬ್’ ಅಂತ ಸದ್ದು. ಮರುಕ್ಷಣ ಇನ್ನೊಂದು. ಸ್ವಿಚ್ ಆಫ್ ಮಾಡಿ, ಬೆಳಗಿನವರೆಗೂ ಅದರ ಮುಂದೆಯೇ ಕುಳಿತೆ. ಬಾಗಿಲು ತೆಗೆದಾಗ ಅವಳ ಕೃತಿ ಪುಡಿಯಾಗಿತ್ತು. ಸಿಡಿದ ಚೂರುಗಳು ಇನ್ನೂ ಆರು ಜನರ ಕೃತಿಗಳನ್ನು ಒಡೆದಿದ್ದವು.

ಬಹಳಷ್ಟು ಜನರ ಹತ್ತಿರ ಫೋಟೋ ಇತ್ತು, ಪರೀಕ್ಷಕರು ಅದನ್ನೇ ನೋಡಿ ಅಂಕ ಕೊಟ್ಟರು. ಒಬ್ಬ ಹುಡುಗನ ಹತ್ತಿರ ಅದೂ ಇರಲಿಲ್ಲ. ಅವನು ಮಾಡಿದ್ದು ತೀರಿಕೊಂಡ ತನ್ನ ಅಪ್ಪನ ಮುಖ. ಚೂರುಗಳನ್ನು ಒಂದೊಂದೇ ಆರಿಸಿ ಪೇಪರಿನಲ್ಲಿ ಕಟ್ಟಿಕೊಂಡು ಹೋದ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಬ್ಬಳಿಗೆ ಕರುಣೆ ತೋರಿಸಲು ಹೋಗಿ ಆರು ಜನರಿಗೆ ಅನ್ಯಾಯ ಮಾಡಿದ್ದೆ. ಆ ಆರು ಜನ ನನ್ನ ಮುಂದೆ ಬಂದು ಅತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅವರು ಸುಮ್ಮನೆ ನಂಬಿ ಇಟ್ಟುಹೋಗಿದ್ದರು.

ಗೋಡೆ ಮೇಲಿನ ಕ್ಯಾಲೆಂಡರ್

ಈಗ ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಿ ಗೋಡೆಗೆ ಕ್ಯಾಲೆಂಡರ್ ಹಾಕುತ್ತೇನೆ. ಗ್ಲೇಜ್ ಸುಡಲು ಇಷ್ಟು ದಿನ, ಅದಕ್ಕೂ ಮೊದಲಿನ ಸುಡುವಿಕೆಗೆ ಇಷ್ಟು, ಒಣಗಲು ಕನಿಷ್ಠ ಎರಡು ವಾರ, ದಪ್ಪ ಶಿಲ್ಪಕ್ಕೆ ಇನ್ನೂ ಹೆಚ್ಚು. 573 ಡಿಗ್ರಿ ಹತ್ತಿರ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಹರಳು ತಟ್ಟನೆ ಹಿಗ್ಗುತ್ತದೆ, ತಣಿಯುವಾಗ ಅಲ್ಲೇ ಕುಗ್ಗುತ್ತದೆ. ಅವಸರ ಮಾಡಿದರೆ ಅಲ್ಲೂ ಬಿರುಕು. ಕಿಲ್ನ್‌ಗೆ ಹೋಗುವ ಪ್ರತಿ ಕೃತಿಯ ಫೋಟೋ ನಾನೇ ತೆಗೆದಿಡುತ್ತೇನೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೆಲಸಕ್ಕೆ ಬೇರೆ ಕೋಣೆ, ಬೇರೆ ಬಕೆಟ್. ಅದರ ಸಣ್ಣ ಚೂರು ಮಣ್ಣಿಗೆ ಸೇರಿದರೂ ಸುಟ್ಟ ಮೇಲೆ ಗಾಳಿಯ ತೇವ ಕುಡಿದು, ಉಬ್ಬಿ, ಮೇಲ್ಮೈ ಕಿತ್ತು ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಜಗಳ ಆಗೋದು ಕಸಬರಿಗೆಗೆ. ಒಣ ನೆಲವನ್ನು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಣ್ಣಿನ ಧೂಳಿನಲ್ಲೂ ಕಲ್ಲಿನ ಧೂಳಿನಲ್ಲೂ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿದು ಕೂರುತ್ತದೆ. ವರ್ಷಗಟ್ಟಲೆ ಹಾಗೇ ಆದರೆ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಔಷಧ ಇಲ್ಲ.

‘ಲಕ್ಕುಂಡಿ ಶಿಲ್ಪಿಗಳು ಮಾಸ್ಕ್ ಹಾಕಿದ್ರಾ ಮೇಡಂ?’ ಅಂತ ಹುಡುಗರು ನಗ್ತಾರೆ. ಗದಗದಿಂದ 12 ಕಿ.ಮೀ. ದೂರದ ಲಕ್ಕುಂಡಿಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲವಾಡದ ನವಿರು ಕೆತ್ತನೆ ಮುಂದೆ ನಿಲ್ಲಿಸಿ ಹೇಳಿದೆ: ‘ಇದು ಮೆತ್ತನೆ ಕಲ್ಲು, ಕೈಯುಳಿಯ ಕೆಲಸ. ನೀವು ಮುಚ್ಚಿದ ಶೆಡ್‌ನಲ್ಲಿ ಗ್ರಾನೈಟ್‌ಗೆ ಗ್ರೈಂಡರ್ ಹಿಡೀತೀರಿ. ಅವರು ತಿಂಗಳುಗಟ್ಟಲೆ ಕೂತು ಎಬ್ಬಿಸಿದ ಧೂಳನ್ನ ನೀವು ಒಂದೇ ಮಧ್ಯಾಹ್ನ ಎಬ್ಬಿಸ್ತೀರಿ.’ ಅವತ್ತಿನಿಂದ ನೀರು ಬಿಟ್ಟುಕೊಂಡೇ ಕಲ್ಲು ಕೊಯ್ಯುತ್ತಾರೆ. ಮಾಸ್ಕ್ ಮಾತ್ರ ಈಗಲೂ ಆಗಾಗ ಗದ್ದದ ಕೆಳಗೆ ಜಾರಿರುತ್ತದೆ. ಮತ್ತೆ ಕೂಗಬೇಕು.

ಅಪ್ಪನ ಮುಖ ಮಾಡಿದ್ದ ಹುಡುಗ ಈಗ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೋದ ವರ್ಷ ತನ್ನ ಮಕ್ಕಳನ್ನು ಸ್ಟುಡಿಯೋ ತೋರಿಸಲು ಕರೆತಂದಿದ್ದ. ಕ್ಯಾಲೆಂಡರ್ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ‘ಇದು ಆವಾಗ ಇರ್ಲಿಲ್ಲ ಅಲ್ವಾ ಮೇಡಂ?’ ಅಂದ. ‘ಇರ್ಲಿಲ್ಲ’ ಅಂದೆ. ಕ್ಷಮೆ ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅವನು ಮಕ್ಕಳಿಗೆ ಹೇಳುತ್ತಿದ್ದ: ‘ಯಾರೂ ಏನೂ ಮುಟ್ಟಬೇಡಿ, ಇನ್ನೂ ಹಸಿ ಇದೆ.’

ಇದನ್ನು ಬರೆಯುವಾಗಲೂ ಕಿಲ್ನ್ ತಣಿಯುತ್ತಿದೆ. ಮೀಟರ್ 140 ತೋರಿಸುತ್ತಿದೆ, 100ಕ್ಕಿಂತ ಕೆಳಗಿಳಿಯದೆ ಬಾಗಿಲು ತೆಗೆಯಲ್ಲ. ಹೊರಗೆ ನಾಲ್ಕು ಜನ ಚಡಪಡಿಸುತ್ತಿದ್ದಾರೆ. ಮಾಮಾನ ಫೋನೂ ಬಂತು.

‘ತಗದೇನವಾ?’

‘ಇನ್ನೂ ಇಲ್ಲ ಮಾಮಾ.’

‘ತಗೀಬ್ಯಾಡ, ಆರ್ಲಿ.’