ಗೋಡೆಯ ಮೇಲಣ ಪಟಗಳು

ಹಳೆಯ ಮೈಸೂರು ಸೀಮೆಯ ಯಾವುದಾದರೊಂದು ತೊಟ್ಟಿಮನೆಯ ನಡುಮನೆಯನ್ನು ಹೊಕ್ಕು ತಲೆಯೆತ್ತಿ ನೋಡಿದರೆ, ಬಾಗಿಲುವಾಡದ ಮೇಲಿನಿಂದ ತೊಲೆಯ ಅಡಿಯವರೆಗೆ ಒತ್ತೊತ್ತಾಗಿ ತೂಗುಹಾಕಿದ ಪಟಗಳ ಸಾಲು ಇಂದಿಗೂ ಕಾಣುವುದುಂಟು: ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣಾಪಾಣಿಯಾದ ಸರಸ್ವತಿ, ಪಟ್ಟಾಭಿಷಿಕ್ತನಾದ ರಾಮ, ರುಮಾಲು ಸುತ್ತಿ ಕುರ್ಚಿಯಲ್ಲಿ ಸೆಟೆದು ಕುಳಿತ ಮುತ್ತಾತ, ಜರತಾರಿ ಪೇಟದ ನಾಲ್ವಡಿ ಕೃಷ್ಣರಾಜ ಒಡೆಯರು, ಕೋಲೂರಿ ನಡೆಯುತ್ತಿರುವ ಗಾಂಧೀಜಿ. ಇವರಲ್ಲಿ ಯಾರೊಬ್ಬರೂ ಗೋಡೆಗೆ ಬೆನ್ನೊರಗಿಸಿ ನಿಂತವರಲ್ಲ; ಕಾಲಬುಡ ಗೋಡೆಗೆ ತಾಗಿದಂತಿದ್ದು ತಲೆಯ ಭಾಗ ಮುಂದಕ್ಕೆ ಬಾಗಿ, ಕೆಳಗೆ ಚಾಪೆಯ ಮೇಲೆ ಕುಳಿತವರ ಯೋಗಕ್ಷೇಮವನ್ನು ವಿಚಾರಿಸುವಂತೆ ಇರುತ್ತಾರೆ. ಪಟವೆಂಬುದು ಗೋಡೆಗೆ ತೊಡಿಸಿದ ಒಡವೆಯೆಂದು ತಿಳಿದಿರುವ ಈಗಿನವರಿಗೆ ಈ ಎತ್ತರವೂ ಈ ಬಾಗುವಿಕೆಯೂ ಹಳ್ಳಿಗಾಡಿನ ಅರಿಯದತನವೆಂದು ತೋರೀತು. ನನಗೆ ಹಾಗೆ ತೋರುವುದಿಲ್ಲ. ಮನೆಯೊಳಗೆ ಪೂಜ್ಯರಾದವರಿಗೆ ಒಂದು ಸ್ಥಾನವನ್ನು ಕಲ್ಪಿಸಿಕೊಡುವುದೇ ಆ ಜನರ ಉದ್ದೇಶವಾಗಿತ್ತು. ಮೊಳೆಯ ಎತ್ತರ, ದಾರದ ಉದ್ದ, ಚೌಕಟ್ಟಿನ ಓರೆ ಇವೆಲ್ಲವೂ ಆ ಉದ್ದೇಶವನ್ನೇ ಅನುಸರಿಸಿ ಬಂದವು.

ಈ ಪದ್ಧತಿ ಅನಾದಿಯೇನೂ ಅಲ್ಲ. ಕಟ್ಟು ಹಾಕಿಸಿದ ಪಟವು ಸಾಮಾನ್ಯ ಗೃಹಸ್ಥನ ಮನೆಗೆ ಬಂದು ಇನ್ನೂ ಒಂದೂವರೆ ಶತಮಾನ ತುಂಬಿಲ್ಲವೆಂದರೆ ಅತಿಶಯೋಕ್ತಿಯಾಗದು. ಅದಕ್ಕೆ ಮೊದಲು ಚಿತ್ರವು ಗೋಡೆಯ ಮೈಯಲ್ಲಿಯೇ ಹುಟ್ಟಿ ಗೋಡೆಯೊಡನೆಯೇ ಅಳಿಯುತ್ತಿತ್ತು. ಶಿವಮೊಗ್ಗದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಅದ್ದಿ ಎಳೆಯುವ ಹಸೆ ಚಿತ್ತಾರ ಅಂಥದು. ಮದುವೆಗೆಂದು ಬರೆದುದು ಮುಂದಿನ ಸಾರಣೆಯಲ್ಲಿ ಮರೆಯಾಗುತ್ತದೆ, ಮತ್ತೆ ಬೇಕಾದಾಗ ಮತ್ತೆ ಬರೆಯುತ್ತಾರೆ. ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯಬಹುದಾದ ಚಿತ್ರ ಇರಲಿಲ್ಲವೆಂದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಗಳಲ್ಲಿ ಸಫೇದ, ರೇವಲ್‌ಚಿನ್ನಿ, ಗೋಂದುಗಳನ್ನು ಅರೆದು ಕಲಸಿದ ಲೇಪದಿಂದ ಒಡವೆಗಳನ್ನು ಕೊಂಚವೇ ಉಬ್ಬಿಸಿ, ಮೇಲೆ ಅಪರಂಜಿಯ ಹಾಳೆಯನ್ನು ಕೂರಿಸುತ್ತಿದ್ದರು. ಆದರೆ ಅಂಥ ಚಿತ್ರವೊಂದನ್ನು ಬರೆಯಿಸುವ ಶಕ್ತಿ ಅರಮನೆಗೆ, ಮಠಕ್ಕೆ, ಕೆಲವು ಶ್ರೀಮಂತರಿಗೆ ಇದ್ದಿತೇ ಹೊರತು, ಕಣಜದಲ್ಲಿ ವರ್ಷದ ರಾಗಿ ಉಳಿದರೆ ಸಾಕೆನ್ನುವ ರೈತನಿಗೆಲ್ಲಿಂದ ಬರಬೇಕು?

ಆ ಅಂತರವನ್ನು ಅಳಿಸಿದುದು ಅಚ್ಚಿನ ಕಲ್ಲು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವೊಂದನ್ನು ಸ್ಥಾಪಿಸಿ, ಜರ್ಮನಿಯಿಂದ ಯಂತ್ರಗಳನ್ನೂ ಕುಶಲಿಗಳನ್ನೂ ತರಿಸಿಕೊಂಡು, ತನ್ನ ತೈಲಚಿತ್ರಗಳ ಪ್ರತಿಗಳನ್ನು ಸಾವಿರಗಟ್ಟಲೆಯಾಗಿ ಹೊರಡಿಸತೊಡಗಿದನು. ಮುಂದೆ ಆ ಮುದ್ರಣಾಲಯ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಹೆಸರು ಕೇಳಿ ಮಂಡ್ಯದ ಮಳವಳ್ಳಿಯೆಂದು ಯಾರೂ ಹಿಗ್ಗಬೇಕಾಗಿಲ್ಲ. ನುಣುಪಾದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲಿಗೆ ನೀರು ಸವರಿದರೆ, ಬರೆಯದ ಭಾಗ ನೀರನ್ನು ಹಿಡಿದು ಬಣ್ಣವನ್ನು ದೂರವಿಡುತ್ತದೆ, ಬರೆದ ಭಾಗ ಬಣ್ಣವನ್ನು ಹಿಡಿಯುತ್ತದೆ. ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಾಗಿ, ಅದೇ ಕಾಗದವನ್ನು ಕೂದಲೆಳೆಯಷ್ಟೂ ಕದಲದಂತೆ ಕಲ್ಲಿನಿಂದ ಕಲ್ಲಿಗೆ ದಾಟಿಸಿ, ಕೊನೆಗೆ ಮೆರುಗೆಣ್ಣೆ ಬಳಿದಾಗ, ದೂರದಿಂದ ನೋಡಿದವನಿಗೆ ತೈಲಚಿತ್ರವೆಂಬ ಭ್ರಮೆ ಹುಟ್ಟಬೇಕು. ಆ ಭ್ರಮೆ ಚೆನ್ನಾಗಿಯೇ ಹುಟ್ಟಿತು. ಗರ್ಭಗುಡಿಯ ಕತ್ತಲೆಯಲ್ಲಿ ಮಂಗಳಾರತಿಯ ಕ್ಷಣಮಾತ್ರ ಕಾಣುತ್ತಿದ್ದ ದೇವತೆ, ಸೀರೆಯುಟ್ಟು ಮುಗುಳ್ನಗುವ ಗೃಹಿಣಿಯ ಮುಖಚ್ಛಾಯೆಯಲ್ಲಿ ಪಡಸಾಲೆಯ ಹಗಲು ಬೆಳಕಿಗೆ ಬಂದು ನಿಂತಳು. ಇದರಿಂದ ನಮ್ಮ ಕಲ್ಪನೆ ಬಡವಾಯಿತೆಂದು ವಾದಿಸುವ ವಿಮರ್ಶಕರುಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲಚಿತ್ರಗಳ ಎದುರು ನಿಂತು, ಅವರ ವಾದದಲ್ಲಿ ಹುರುಳಿಲ್ಲದಿಲ್ಲವೆಂದು ನಾನೂ ಒಪ್ಪಿಕೊಳ್ಳುತ್ತೇನೆ. ಆದರೆ ದೇವಾಲಯದ ಹೊಸ್ತಿಲನ್ನು ದಾಟಲು ಅಪ್ಪಣೆಯಿಲ್ಲದ ಮನೆಗಳಿಗೂ ಆ ಕಾಗದದ ದೇವಿ ಯಾರ ಅಪ್ಪಣೆಯನ್ನೂ ಕೇಳದೆ ಹೋದಳೆಂಬುದನ್ನು ಆ ವಿಮರ್ಶಕರು ಲೆಕ್ಕಕ್ಕೆ ಹಿಡಿದಂತೆ ಕಾಣೆ.

ಮನೆಯ ಹೆಂಗಸರು ಆಕೆಯನ್ನು ಅಚ್ಚಾದ ಸ್ಥಿತಿಯಲ್ಲಿಯೇ ಬಿಟ್ಟರೆಂದು ತಿಳಿಯಬಾರದು. ಚಿತ್ರದ ಸೀರೆಯ ಮೇಲೆ ನಿಜವಾದ ಬಟ್ಟೆಯ ತುಂಡನ್ನು ಮಡಿಕೆ ಹಿಡಿದು ಅಂಟಿಸಿ, ಅಂಚಿಗೆ ಜರಿ ಹೊಲಿದು, ಕಿರೀಟಕ್ಕೆ ಮಿಣುಕು ಬಿಲ್ಲೆಗಳನ್ನು ಕೂರಿಸಿದ ಪಟಗಳು ಹಳೆಯ ಮನೆಗಳಲ್ಲಿ ಸಿಕ್ಕುತ್ತವೆ. ಅವಕ್ಕೆ ಹಾಕಿಸಿದ ಕಟ್ಟು ಪೆಟ್ಟಿಗೆಯಂತೆ ಆಳವಾಗಿರುತ್ತದೆ, ಏಕೆಂದರೆ ಸೆರಗಿನ ಉಬ್ಬು ಗಾಜಿಗೆ ತಾಗಕೂಡದು.

ತರುವಾಯ ಕ್ಯಾಲೆಂಡರಿನ ಕಾಲ ಬಂತು. ಬಟ್ಟೆಯಂಗಡಿಯವನೋ ಬೀಡಿ ಕಾರ್ಖಾನೆಯವನೋ ಹೊಸವರ್ಷಕ್ಕೆಂದು ಕೊಟ್ಟ ದೇವರನ್ನು, ತಿಂಗಳ ಹಾಳೆಗಳೆಲ್ಲ ಹರಿದುಹೋದ ಮೇಲೆ, ಅಂಗಡಿಯ ವಿಳಾಸವನ್ನು ಕತ್ತರಿಸಿ ತೆಗೆದು, ಪೇಟೆಬೀದಿಯ ಕಟ್ಟು ಹಾಕುವವನ ಬಳಿಗೆ ಒಯ್ಯುವುದು ವಾಡಿಕೆಯಾಯಿತು. ತಮಿಳುನಾಡಿನ ಕೋವಿಲ್‌ಪಟ್ಟಿಯ ಕೊಂಡಯ್ಯರಾಜು ಮತ್ತು ಆತನ ಶಿಷ್ಯರು ಬರೆದು ಶಿವಕಾಶಿಯಲ್ಲಿ ಅಚ್ಚಾದ ಚಿತ್ರಗಳು ದಕ್ಷಿಣದ ಊರೂರನ್ನು ತುಂಬಿದವು. ನಮ್ಮವರ ಪೈಕಿ, 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಎಸ್. ಎಂ. ಪಂಡಿತರು, ಸಿನಿಮಾ ಪ್ರಚಾರಚಿತ್ರಗಳ ಕೈಚಳಕವನ್ನೇ ಪುರಾಣಕ್ಕೂ ತಂದು, ಮಾಂಸಖಂಡಗಳು ಮಿಂಚುವ ಶಿವನನ್ನೂ ಅರ್ಜುನನನ್ನೂ ದೇಶದ ಗೋಡೆಗಳಿಗೆಲ್ಲ ಹಂಚಿದರು. ಗೃಹಸ್ಥನಿಗೆ ಬರೆದವನ ಹೆಸರು ತಿಳಿದಿರಲಿಲ್ಲ. ಪಟದ ಮೂಲೆಯ ರುಜುವನ್ನು ಕಟ್ಟಿನ ಅಂಚು ಅನೇಕ ವೇಳೆ ನುಂಗಿಹಾಕಿರುತ್ತಿತ್ತು.

ದೇವರ ಪಕ್ಕಕ್ಕೆ ಪಿತೃಗಳು ಬಂದುದು ಛಾಯಾಚಿತ್ರದ ದೆಸೆಯಿಂದ. ಬದುಕಿದ್ದಾಗ ಒಮ್ಮೆಯೋ ಎರಡು ಬಾರಿಯೋ ಸ್ಟುಡಿಯೋ ಮೆಟ್ಟಿಲು ಹತ್ತಿದವರ ಚಿಕ್ಕ ಚಿತ್ರವನ್ನು ಅವರ ನಿಧನಾನಂತರ ದೊಡ್ಡದು ಮಾಡಿಸಿ, ಕೈಯಿಂದ ಬಣ್ಣ ತೀಡಿಸಿ, ಗಂಧದ ಚಕ್ಕೆಯ ಹಾರ ಹಾಕಿ ನೇತುಹಾಕಿದರು. ಗುಂಪುಚಿತ್ರದಿಂದ ಒಬ್ಬರ ಮುಖವನ್ನು ಬೇರ್ಪಡಿಸಿ, ಇಲ್ಲದ ಕೋಟನ್ನು ತೊಡಿಸಿಕೊಡುವ ಕುಶಲಿಗಳೂ ಇದ್ದರು. ಪಿತೃಗಳ ಪಟ ದೇವರ ಮನೆಯೊಳಗೆ ಬೇಡ, ದಕ್ಷಿಣದ ಗೋಡೆಗೆ ಇರಲಿ ಎಂಬ ನಂಬಿಕೆ ಬಹು ಮನೆಗಳಲ್ಲಿದೆ. ಯಮನ ದಿಕ್ಕು ಅದಾದುದೇ ಅದಕ್ಕೆ ಸಾಕಾದ ಕಾರಣ, ವಾಸ್ತುವಿನ ದೊಡ್ಡ ಮಾತುಗಳು ಅಲ್ಲಿ ಬೇಕಾಗಿಲ್ಲ.

ಇನ್ನು ಎತ್ತರದ ಮಾತಿಗೆ ಬರೋಣ. ಚಿತ್ರಶಾಲೆಗಳಲ್ಲಿ ಪಟದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಬೇಕೆಂಬ ಒಂದು ರೂಢಿಯುಂಟು. ನಿಂತು ನೋಡುವವನ ಕಣ್ಣಿನ ಮಟ್ಟ ಅದು. ಇದನ್ನೇ ಹಿಡಿದುಕೊಂಡು ಮನೆಯಲ್ಲಿಯೂ ಅಳತೆಪಟ್ಟಿ ಹಿಡಿಯುವವರು, ಮನೆಯಲ್ಲಿ ಜನ ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚೆಂಬುದನ್ನು ಮರೆಯುತ್ತಾರೆ. ನೆಲದ ಮೇಲೆ ಕುಳಿತವನ ಕಣ್ಣು ಮುಕ್ಕಾಲು ಮೀಟರಿಗಿಂತ ಮೇಲೇರದು. ಅವನಿಗೆ ಮೇಲಿನ ಪಟ ಕಾಣಬೇಕಾದರೆ ಅದು ಅವನತ್ತ ಬಾಗಲೇಬೇಕು. ಬಾಗಿಸುವುದಕ್ಕೆ ಹಳಬರು ಮಾಡುತ್ತಿದ್ದುದು ಇಷ್ಟೆ: ಉಂಗುರಗಳನ್ನು ಕಟ್ಟಿನ ತುದಿಯಲ್ಲಿ ತಿರುಪದೆ ಮೇಲಿನಿಂದ ಮೂರನೆಯ ಒಂದು ಪಾಲಿನಷ್ಟು ಕೆಳಗೆ ತಿರುಪಿ, ದಾರವನ್ನು ಉದ್ದ ಬಿಟ್ಟು, ಕೆಳಗಿನ ಅಂಚು ಜಾರದಂತೆ ಗೋಡೆಗೆ ಮರದ ಪಟ್ಟಿಯನ್ನೋ ಎರಡು ಮೊಳೆಗಳನ್ನೋ ಆಧಾರವಾಗಿ ಕೊಡುತ್ತಿದ್ದರು. ಇದರಿಂದ ಇನ್ನೊಂದು ಪ್ರಯೋಜನವೂ ಒದಗಿತು. ನೆಟ್ಟಗೆ ನಿಂತ ಗಾಜು ಎದುರಿನ ಕಿಟಕಿಯನ್ನು ಪ್ರತಿಬಿಂಬಿಸಿ ಚಿತ್ರವನ್ನು ನುಂಗುತ್ತದೆ. ಬಾಗಿದ ಗಾಜು ಕಿಟಕಿಯನ್ನು ಬಿಟ್ಟು ಮಬ್ಬಾದ ನೆಲವನ್ನು ಪ್ರತಿಬಿಂಬಿಸುವುದರಿಂದ ದೇವರ ಮುಖ ನಿಚ್ಚಳವಾಗಿ ಕಾಣುತ್ತದೆ. ಹಿಂದಿನ ಸಂದಿಯಲ್ಲಿ ಗಾಳಿಯಾಡಿ ಕಾಗದ ಮುಗ್ಗುವುದೂ ಕಡಮೆ. ಗುಬ್ಬಚ್ಚಿಗಳು ಅದೇ ಸಂದಿಯಲ್ಲಿ ಗೂಡು ಕಟ್ಟಿ ಮನೆಯಲ್ಲೆಲ್ಲ ಹುಲ್ಲೆಸಳು ಉದುರಿಸುತ್ತಿದ್ದುದನ್ನು ಮಾತ್ರ ಯಾರೂ ತಡೆಯಲಾರದೆ ಹೋದರು.

ದಾರದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು, ಅದನ್ನು ಬಲ್ಲವರು ವಿರಳ. ಮೊಳೆ ಹೊರಗೆ ಕಾಣಬಾರದೆಂಬ ಆಸೆಯಿಂದ ಅನೇಕರು ದಾರವನ್ನು ಬಿಗಿಯಾಗಿ, ಅಡ್ಡಕ್ಕೆ ಎಳೆದಂತೆ ಕಟ್ಟುತ್ತಾರೆ. ಬಿಗಿಯಾಗಿರುವುದರಿಂದ ಭದ್ರವೆಂದೂ ಭಾವಿಸುತ್ತಾರೆ. ಸತ್ಯ ಇದಕ್ಕೆ ವಿರುದ್ಧವಾಗಿದೆ. ನಾಲ್ಕು ಕಿಲೋ ತೂಕದ ಪಟವನ್ನು ಎರಡು ಮೊಳೆಗಳಿಂದ ಎರಡು ನೇರ ದಾರಗಳಲ್ಲಿ ಇಳಿಬಿಟ್ಟರೆ ಒಂದೊಂದು ದಾರ ಎರಡೆರಡು ಕಿಲೋ ಹೊರುತ್ತದೆ. ಅದನ್ನೇ ಒಂದು ಮೊಳೆಗೆ ಹಾಕಿ, ದಾರದ ಎರಡು ಎಳೆಗಳೂ ಅಡ್ಡರೇಖೆಗೆ 30 ಡಿಗ್ರಿ ಕೋನದಲ್ಲಿ ಇಳಿಯುವಂತೆ ಮಾಡಿದರೆ, ಒಂದೊಂದು ಎಳೆಗೂ ಪೂರ್ತಿ ನಾಲ್ಕು ಕಿಲೋ ಬೀಳುತ್ತದೆ. ಕೋನ 10 ಡಿಗ್ರಿಗೆ ಇಳಿದರೆ ಸೆಳೆತ ಹನ್ನೊಂದೂವರೆ ಕಿಲೋವಿಗೆ ಏರುತ್ತದೆ. ಆ ಒಂದು ಮೊಳೆಯ ಮೇಲಿನ ಭಾರ ಕೋನ ಎಷ್ಟಿದ್ದರೂ ಅದೇ ನಾಲ್ಕು ಕಿಲೋ. ಹೆಚ್ಚುವರಿ ಸೆಳೆತವೆಲ್ಲ ಕಟ್ಟಿನ ಎರಡು ಪಕ್ಕಗಳನ್ನು ಒಳಕ್ಕೆ ಜಗ್ಗುವುದರಲ್ಲಿ ವ್ಯಯವಾಗಿ, 45 ಡಿಗ್ರಿಗೆ ಕೊಯ್ದು ಅಂಟಿಸಿದ ಮೂಲೆಗಳನ್ನು ಬಾಯಿ ಬಿಡಿಸುತ್ತದೆ. ಒಂದು ದಿನ ದಾರ ಹರಿಯಿತೆಂದರೆ ಮೊಳೆಯನ್ನು ಬೈಯುತ್ತಾರೆ. ದೊಡ್ಡ ಪಟಕ್ಕೆ ಎರಡು ಮೊಳೆ ಹೊಡೆಯುವುದೇ ಲೇಸು. ಬಾಗಿಲು ಬಡಿದಾಗಲೆಲ್ಲ ಒಂದು ಕಡೆಗೆ ವಾಲುವ ಅದರ ಚಾಳಿಯೂ ಆಗ ತಪ್ಪುತ್ತದೆ. ತೂಕವನ್ನು ಅಂದಾಜು ಮಾಡುವಾಗ ಗಾಜನ್ನು ಮರೆಯಬಾರದು: ಎರಡು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಐದು ಕಿಲೋ ತೂಗುತ್ತದೆ.

ಗೋಡೆಯೂ ಎಲ್ಲ ಒಂದೇ ಬಗೆಯದಲ್ಲ. ಮಣ್ಣಿನ ಗೋಡೆಗೆ ಮೊಳೆ ನೇರವಾಗಿ ಹೊಡೆದರೆ ಅದು ಹಿಡಿಯದು. ಮರದ ಗೂಟವನ್ನು ಮೊದಲು ಇಳಿಸಿ ಅದಕ್ಕೆ ಮೊಳೆ ಹೊಡೆಯುತ್ತಿದ್ದರು. ಈಗಿನ ಕಾಂಕ್ರೀಟು ತೊಲೆಗೆ ಮೊಳೆ ಹೊಡೆಯಹೋದವನ ಮೊಳೆ ಬಾಗುತ್ತದೆ, ಬೆರಳು ಜಜ್ಜುತ್ತದೆ. ಡ್ರಿಲ್ಲಿನಿಂದ ತೂತು ಕೊರೆದು, ಪ್ಲಾಸ್ಟಿಕ್ಕಿನ ಪ್ಲಗ್ಗು ಕೂರಿಸಿ, ತಿರುಪು ಮೊಳೆ ಹಾಕುವುದಲ್ಲದೆ ಬೇರೆ ದಾರಿಯಿಲ್ಲ. ಹಾಗೆ ಕೊರೆಯುವ ಮೊದಲು ಸ್ವಿಚ್ಚಿನ ಹಲಗೆ ಎಲ್ಲಿದೆಯೆಂದು ನೋಡಿಕೊಳ್ಳಬೇಕು. ಅದರ ನೇರಕ್ಕೆ ಮೇಲುಗಡೆ ಗೋಡೆಯೊಳಗೆ ವಿದ್ಯುತ್ತಿನ ಕೊಳವೆ ಹೋಗಿರುವ ಸಂಭವ ಬಹಳ. ಬಾಡಿಗೆ ಮನೆಯಲ್ಲಿರುವವರಿಗೆ ಈ ಉಪದೇಶವೆಲ್ಲ ವ್ಯರ್ಥ, ಏಕೆಂದರೆ ಹೊಡೆದ ಒಂದೊಂದು ಮೊಳೆಯನ್ನೂ ಮುಂಗಡದ ಹಣದಲ್ಲಿ ಮುರಿದುಕೊಳ್ಳುವ ಮನೆಯೊಡೆಯರುಂಟು. ಅವರ ಬಾಡಿಗೆದಾರರ ದೇವರುಗಳು ಅಡುಗೆಮನೆಯ ಅಲಮಾರಿಯ ಮೇಲೆ ಗೋಡೆಗೊರಗಿ ಕಾಲ ಕಳೆಯುತ್ತಾರೆ.

ನೇತುಹಾಕಿದ ಮೇಲೆ ಪಟಕ್ಕೆ ಶತ್ರುಗಳು ಭಕ್ತಿಯ ರೂಪದಲ್ಲಿಯೇ ಬರುವುದು ವಿಚಿತ್ರ. ಶುಕ್ರವಾರದ ಬೆಳಗ್ಗೆ ಒದ್ದೆ ಬಟ್ಟೆಯಿಂದ ಗಾಜನ್ನು ಮೇಲಿನಿಂದ ಕೆಳಕ್ಕೆ ಒರಸಿ, ಗಂಧ ಕುಂಕುಮವಿಟ್ಟು, ನೀರು ತೊಟ್ಟಿಕ್ಕುವ ಹೂವನ್ನು ಮುಡಿಸುತ್ತಾರೆ. ಆ ನೀರು ಗಾಜಿನ ಮೇಲೆ ಇಳಿದು ಕೆಳಗಿನ ಕಟ್ಟಿನ ಕೊರಕಲಿನಲ್ಲಿ ನಿಂತು, ಅಲ್ಲಿಂದ ಕಾಗದಕ್ಕೆ ಏರುತ್ತದೆ. ಯಾವುದೇ ಹಳೆಯ ದೇವರ ಪಟವನ್ನು ಇಳಿಸಿ ನೋಡಿ: ದೇವಿಯ ಪಾದದ ಬಳಿ, ಕೆರೆಯ ನೀರು ಇಳಿದ ಮೇಲೆ ದಡದಲ್ಲಿ ಉಳಿಯುವ ಗೆರೆಯಂತೆ, ಕಂದು ಬಣ್ಣದ ಅಲೆಯಲೆಯಾದ ಅಂಚೊಂದು ಇದ್ದೇ ಇರುತ್ತದೆ. ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರಸಿದರೆ ಪೂಜೆಗೆ ಲೋಪವೇನೂ ಬಾರದು. ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುವುದರಿಂದ, ಮಳೆ ಬಡಿಯುವ ಪಡುವಣ ಗೋಡೆಗೆ ಛಾಯಾಚಿತ್ರಗಳನ್ನು ಹಾಕದಿರುವುದು ಕ್ಷೇಮ. ಛಾಯಾಚಿತ್ರದ ಮೈಮೇಲಿನ ಜೆಲಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಎಳೆದರೆ ಅಜ್ಜಿಯ ಕೆನ್ನೆ ಗಾಜಿನಲ್ಲಿಯೂ ಬಿಳಿಯ ಕಾಗದ ಕೈಯಲ್ಲಿಯೂ ಉಳಿದೀತು. ಹಾಗೆ ಅಂಟಿದ್ದನ್ನು ಎಳೆಯದೆ, ಗಾಜಿನ ಸಮೇತವಾಗಿಯೇ ಮತ್ತೊಂದು ಪ್ರತಿ ತೆಗೆಸಬೇಕು. ಹೊಸದಾಗಿ ಕಟ್ಟು ಹಾಕಿಸುವವರು ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಬರುವಂತೆ ಕೇಳಿ ಹಾಕಿಸಿಕೊಂಡರೆ ಈ ಪ್ರಮಾದವೇ ಇರದು.

ಬಿಸಿಲಿನ ಕೆಲಸ ಇನ್ನೂ ನಿಧಾನ. ಅಚ್ಚಿನ ಬಣ್ಣಗಳಲ್ಲಿ ಕೆಂಪೂ ಹಳದಿಯೂ ಮೊದಲು ಸೋಲುತ್ತವೆ, ನೀಲಿಯೂ ಕಪ್ಪೂ ಕಡೆಯವರೆಗೆ ನಿಲ್ಲುತ್ತವೆ. ರಸ್ತೆಯ ಬಿಸಿಲು ನೇರವಾಗಿ ಬೀಳುವ ಹೋಟೆಲಿನ ಗಲ್ಲಾದ ಮೇಲಣ ಪಟಗಳಲ್ಲಿ ಲಕ್ಷ್ಮಿ, ಗಣಪತಿ, ಆಂಜನೇಯ ಎಲ್ಲರೂ ಕೆಲವು ವರ್ಷಗಳಲ್ಲಿ ಕೃಷ್ಣವರ್ಣರಾಗಿ ಪರಿಣಮಿಸುವುದು ಇದರಿಂದಲೇ.

ಈಚಿನ ಮನೆಗಳಲ್ಲಿ ಹತ್ತು ಹದಿನೈದು ಸಣ್ಣ ಪಟಗಳನ್ನು ಒಂದೇ ಗೋಡೆಗೆ ಗುಂಪಾಗಿ ಜೋಡಿಸುವ ಅಭಿರುಚಿ ಕಾಣುತ್ತಿದೆ. ಮೊದಲು ನೆಲದ ಮೇಲೆ ಹಾಸಿ ನೋಡಿಕೊಂಡು, ಹಳೆಯ ಪತ್ರಿಕೆಯನ್ನು ಅದದೇ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಒಪ್ಪಿಗೆಯಾದ ಮೇಲೆ ಮೊಳೆ ಹೊಡೆಯುವುದು ಜಾಣತನ. ನೋಡಲು ಚೆನ್ನಾಗಿಯೇ ಇರುತ್ತದೆ. ಅಲ್ಲಿ ಯಾರಿಗೂ ಹಾರ ಹಾಕುವ ಪ್ರಸಂಗವಿಲ್ಲದುದರಿಂದ ಸಂಖ್ಯೆ ಎಷ್ಟಾದರೂ ನಡೆಯುತ್ತದೆ. ಸ್ಥಾನ ಕೊಡಬೇಕಾದವರ ಪಟವನ್ನು ಮಾತ್ರ ಆ ಗುಂಪಿನಲ್ಲಿ ಸೇರಿಸದೆ ಬೇರೆಯೇ ಒಂದು ಗೋಡೆಯಲ್ಲಿ, ದಿನವೂ ಓಡಾಡುವ ಹಾದಿಯಲ್ಲಿ, ಒಂಟಿಯಾಗಿ ಹಾಕುವುದು ನನಗೆ ಸರಿಕಾಣುತ್ತದೆ.

ಹಳತಾದ ದೇವರ ಪಟವನ್ನು ಏನು ಮಾಡುವುದೆಂಬುದೇ ಕೊನೆಯ ತೊಡಕು. ಕಸಕ್ಕೆ ಹಾಕಲು ಮನಸ್ಸು ಬಾರದು, ಗಾಜು ಒಡೆದುದನ್ನು ಮನೆಯಲ್ಲಿ ಇಡಲು ಧೈರ್ಯ ಸಾಲದು; ಹೀಗಾಗಿ ಊರಿನ ಅಶ್ವತ್ಥಕಟ್ಟೆಯ ಮೇಲೆ, ನಾಗರಕಲ್ಲುಗಳ ಪಕ್ಕದಲ್ಲಿ, ಒಡೆದ ಪಟಗಳ ರಾಶಿ ಬೆಳೆಯುತ್ತದೆ, ಪ್ರದಕ್ಷಿಣೆ ಬರುವವರ ಕಾಲಿಗೆ ಗಾಜು ಚುಚ್ಚುತ್ತದೆ. ಕಟ್ಟನ್ನು ಮನೆಯಲ್ಲಿಯೇ ಬಿಚ್ಚಿ, ಕಾಗದವನ್ನು ಮಾತ್ರ ನೀರಿನ ಪಾತ್ರೆಯಲ್ಲಿ ನೆನೆಸಿ ಕರಗಿಸಿ ಗಿಡದ ಬುಡಕ್ಕೆ ಸುರಿದರೆ ವಿಸರ್ಜನೆಯ ಶಾಸ್ತ್ರವೂ ಆದಂತಾಗುತ್ತದೆ. ಮರದ ಕಟ್ಟನ್ನೂ ಒಡೆಯದ ಗಾಜನ್ನೂ ಪೇಟೆಯ ಕಟ್ಟು ಹಾಕುವವನು ಸಂತೋಷದಿಂದ ತೆಗೆದುಕೊಳ್ಳುತ್ತಾನೆ, ಅದರಲ್ಲಿಯೂ ಹಳೆಯ ತೇಗದ ಕಟ್ಟಾದರೆ ಬೆಲೆಯನ್ನು ಕೇಳಿ ಕೊಡಬೇಕು.