ಸೆರಗು ಮುಚ್ಚಿದ ತಟ್ಟೆ

ಸಂಕ್ರಾಂತಿಯ ಸಂಜೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ನಮ್ಮ ಶೇಷಾದ್ರಿಪುರದ ಬೀದಿಗಳಲ್ಲಿ ರೇಷ್ಮೆಲಂಗದ ಹುಡುಗಿಯರು ಎಳ್ಳು ಬೀರಲು ಹೊರಟಿದ್ದ ವೇಳೆಯಲ್ಲಿ, ನೆರೆಮನೆಯ ಒಂಬತ್ತು ವರ್ಷದ ಬಾಲಿಕೆ ಅಜ್ಜಿಯೊಡನೆ ನಮ್ಮ ಮನೆಗೆ ಬಂದಳು. ಅವಳು ಕೊಟ್ಟ ಪೊಟ್ಟಣಕ್ಕೆ ಪ್ರತಿಯಾಗಿ ನನ್ನಾಕೆ ಆನೆಯಾಕಾರದ ಸಕ್ಕರೆ ಅಚ್ಚೊಂದನ್ನು ತಟ್ಟೆಗೆ ಇಡಹೋದಾಗ, ಅಜ್ಜಿ ಸೆರಗಿನಿಂದ ತಟ್ಟೆಯನ್ನು ಮುಚ್ಚಿ, ದನಿ ತಗ್ಗಿಸಿ, "ಬೇಡ ಕಣಮ್ಮ, ಇವಳಿಗೆ ಆಗೋದಿಲ್ಲ" ಎಂದರು. ಮಗು ಅಚ್ಚನ್ನು ನೋಡಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಿತ್ತು.

ಆ ಮಗುವಿಗಿರುವುದು ಟೈಪ್ 1 ಮಧುಮೇಹ. ಅದು ಸಿಹಿ ತಿಂದದ್ದರಿಂದ ಬಂದುದಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಪಡಿಸುವುದರಿಂದ ಉಂಟಾಗುವ ವ್ಯಾಧಿ. 1922ರಲ್ಲಿ ಟೊರಾಂಟೋ ನಗರದ ಹುಡುಗನೊಬ್ಬನಿಗೆ ಮೊದಲಬಾರಿಗೆ ಇನ್ಸುಲಿನ್ ಚುಚ್ಚುವವರೆಗೆ ಇಂತಹ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಇಂದು ಬದುಕುತ್ತಾರೆ, ಓದುತ್ತಾರೆ, ಆಡುತ್ತಾರೆ. ಆದರೆ ದಿನಕ್ಕೆ ನಾಲ್ಕಾರು ಬಾರಿ ಸೂಜಿಯ ಮುಂದೆ ಕೂರಬೇಕು.

ಸೂಜಿಯ ನೋವು ಕ್ಷಣಮಾತ್ರದ್ದು. ಹಿರಿಯರು ಅಡುಗೆಮನೆಯಲ್ಲಿ ಪಿಸುಗುಟ್ಟಿ, ಮಗು ಬಂದೊಡನೆ ಮಾತು ನಿಲ್ಲಿಸುವ ಆ ಮೌನ ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. ಏಕೆಂದರೆ ಕಾರಣವನ್ನು ಯಾರೂ ಹೇಳದಿದ್ದಾಗ ಮಗು ತಾನೇ ಒಂದು ಕಾರಣವನ್ನು ಕಲ್ಪಿಸಿಕೊಳ್ಳುತ್ತದೆ, ಮತ್ತು ಆ ಕಾರಣ ಬಹುಮಟ್ಟಿಗೆ ತನ್ನದೇ ತಪ್ಪಾಗಿರುತ್ತದೆ. ಅಮೆರಿಕದ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ವಿದುಷಿ ರಕ್ತದ ಕ್ಯಾನ್ಸರಿನ ಮಕ್ಕಳ ನಡುವೆ ಕಾಲಕಳೆದು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯಾರೂ ಹೇಳದೆಯೇ ಆ ಎಳೆಯರು ತಮ್ಮ ಸ್ಥಿತಿಯನ್ನು ಅರಿತಿದ್ದರೆಂಬುದನ್ನೂ, ಹಿರಿಯರ ಮನ ನೋಯಬಾರದೆಂದು ಅರಿಯದವರಂತೆ ಇದ್ದರೆಂಬುದನ್ನೂ ತೋರಿಸಿಕೊಟ್ಟಿದ್ದಾರೆ. ನಾವು ಮಗುವನ್ನು ಕಾಪಾಡುತ್ತಿದ್ದೇವೆಂದು ಭಾವಿಸುವ ಹೊತ್ತಿನಲ್ಲಿ ಮಗುವೇ ನಮ್ಮನ್ನು ಕಾಪಾಡುತ್ತಿರುತ್ತದೆ.

ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ ಮಗುವನ್ನು ತಾಯ್ತಂದೆಯರು ಧಾರಾಳವಾಗಿ ನೋಡಲು ಬಿಡಬೇಕೆಂದು 1959ರಲ್ಲಿ ಪ್ಲ್ಯಾಟ್ ಸಮಿತಿ ಶಿಫಾರಸು ಮಾಡಬೇಕಾಯಿತು. ನಮ್ಮಲ್ಲಾದರೋ, ಮಗುವಿನ ಮಂಚದ ಬಳಿ ಚಾಪೆ ಹಾಸಿಕೊಂಡು ರಾತ್ರಿಯಿಡೀ ಎಚ್ಚರವಿರುವ ತಾಯಿಗೆ ಯಾವ ಸಮಿತಿಯ ಅಪ್ಪಣೆಯೂ ಬೇಕಿಲ್ಲ. ಬಳಿಯಿರುವುದನ್ನು ನಾವು ಬಲ್ಲೆವು. ಬಾಯಿಬಿಟ್ಟು ಹೇಳುವುದನ್ನು ಕಲಿಯಬೇಕಾಗಿದೆ. "ಇದು ನಿನ್ನ ತಪ್ಪಲ್ಲ" ಎಂಬ ಮಾತನ್ನು ಒಮ್ಮೆಯಲ್ಲ, ಹಲವು ಬಾರಿ ಆಡಬೇಕು. ಇಂದು ಸೂಜಿಗೆ ಯಾವ ಬೆರಳು, ಯಾವ ತೊಡೆ ಎಂಬುದನ್ನು ಮಗುವೇ ಆರಿಸಲಿ. ಅಣ್ಣತಮ್ಮಂದಿರಿಗೂ ವಿಷಯ ತಿಳಿದಿರಲಿ. ಬಂದವರೆಲ್ಲ ರೋಗಿಯನ್ನೇ ವಿಚಾರಿಸುವ ಮನೆಯಲ್ಲಿ ಅವರೂ ಒಳಗೊಳಗೇ ಬಾಡುತ್ತಾರೆ. ಮಗು ವಾರಗಟ್ಟಲೆ ಮಂಕಾಗಿ, ಊಟ ಆಟ ಎರಡನ್ನೂ ಬಿಟ್ಟರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯರನ್ನು ಕಾಣುವುದಕ್ಕೆ ಸಂಕೋಚ ಬೇಡ. ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಸಕ್ಕರೆಯ ಆನೆ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಮರುದಿನ ಮಗುವಿನ ತಾಯಿಯೇ ಬಂದು ಕೇಳಿ ಒಯ್ದರು. ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಕೈ ನಡುಗಿ, ಬೆವರೊಡೆದು, ಕಣ್ಣು ಕತ್ತಲಿಡುತ್ತದೆ. ಆಗ ತಡಮಾಡದೆ ಕೊಡಬೇಕಾದ ಔಷಧ ಸಕ್ಕರೆಯೇ. ಈಗ ಆ ಅಚ್ಚು ಕಾಗದದಲ್ಲಿ ಸುತ್ತಿಕೊಂಡು ಅವಳ ಕಂಪಾಸ್ ಪೆಟ್ಟಿಗೆಯಲ್ಲಿ, ಕೈವಾರದ ಪಕ್ಕದಲ್ಲಿದೆ. ಅದನ್ನು ಯಾವಾಗ ತನ್ನ ಬಾಯಿಗಿಡಬೇಕೆಂಬುದನ್ನು ಅವಳು ಬೆಂಚಿನ ಗೆಳತಿಗೆ ತಾನೇ ಹೇಳಿಕೊಟ್ಟಿದ್ದಾಳೆ.